ಬರೀ ಪಾಯವೆಂದು ದಾಟಿಹೋಗುವ ಹಂಪಿ

ಹಜಾರರಾಮ ಗುಡಿಯಿಂದ ಹೊರಬಿದ್ದು ವಾಯವ್ಯದ ಕಡೆ ಹೆಜ್ಜೆ ಹಾಕಿದಾಗ, ಮರದ ನೆರಳಿನಲ್ಲಿ ಕೂತಿದ್ದ ಕಾವಲಿನ ಹಿರಿಯರೊಬ್ಬರು ಕೂಗಿ ಹೇಳಿದರು: "ಆ ಕಡೆ ಏನೂ ಇಲ್ರೀ ಸರ, ಬರೀ ಪಾಯಾ ಐತಿ. ಕಮಲ ಮಹಲು ಈ ಕಡೆ ಐತ್ರಿ." ನಾನು ಬಂದದ್ದು ಆ ಪಾಯ ನೋಡಲಿಕ್ಕೇ. ಕೈಮುಗಿದು ಮುಂದೆ ನಡೆದೆ.

1980ರ ದಶಕದಲ್ಲಿ ಮಣ್ಣು ಸರಿಸಿ ತೆಗೆದ ಮನೆಗಳು ಇಲ್ಲಿವೆ. ವಿಜಯನಗರದ ಅಧಿಕಾರಿಗಳು, ಸಿರಿವಂತರು ಇದ್ದ ಕೇರಿಯೆಂದು ಪುರಾತತ್ತ್ವಜ್ಞರ ಅಂದಾಜು. ಗೋಡೆ ಮೊಣಕಾಲೆತ್ತರಕ್ಕೂ ಉಳಿದಿಲ್ಲ, ಆದರೆ ಮನೆಯ ನಕ್ಷೆ ಕಾಲಿಗೇ ಸಿಗುತ್ತದೆ. ಮೊದಲು ಅಂಗಳ, ಅದನ್ನು ಮೂರು ಕಡೆಯಿಂದ ಬಳಸಿದ ಜಗಲಿ, ಮೆಟ್ಟಿಲು ಹತ್ತಿದಂತೆ ಎತ್ತರವಾಗುತ್ತ ಹೋಗುವ ಒಳಮನೆ. ಹೆಚ್ಚಿನವು ಬಡಗಣಕ್ಕೋ ಮೂಡಣಕ್ಕೋ ಮುಖ ಮಾಡಿವೆ. ನೆಲಕ್ಕೆ ಗಚ್ಚು. ಅದರ ನಡುವೆ ಕಂಬ ನಿಲ್ಲಿಸಿದ್ದ ಕಲ್ಲುಗಳು ಸಾಲಾಗಿವೆ, ಕಂಬಗಳಿಲ್ಲ. ಅವು ಮರದವು, ವಿಜಯನಗರ ಯುದ್ಧದಲ್ಲಿ ಸೋತ 1565ರ ನಂತರ ಬೆಂಕಿಗೂ ಗೆದ್ದಲಿಗೂ ಹೋದವು. ಹಂಪಿಯಲ್ಲಿ ಹೆಚ್ಚಾಗಿ ಗುಡಿಗಳೇ ಎದ್ದು ನಿಂತಿರುವುದಕ್ಕೆ ಕಾರಣವೂ ಇದೇ. ದೇವರಿಗೆ ಕಲ್ಲಿನ ಮನೆ, ಮನುಷ್ಯರಿಗೆ ಮರ ಮಣ್ಣಿನದು.

ಅಂಗಳದ ಮೂಲೆಯಲ್ಲಿ ಒಂದು ಬೋಕಿ ಚೂರು ಕಂಡು ಕೂತುಬಿಟ್ಟೆ. ಅಂಗೈಯಷ್ಟು ಅಗಲ, ಕಪ್ಪು ಬಣ್ಣ, ಅಂಚು ಹೊರಕ್ಕೆ ಬಾಗಿದೆ. ಮಡಕೆಯ ಬಾಯಿಯ ತುಂಡು. ಈ ಕೇರಿಯಲ್ಲಿ ಸಿಕ್ಕ ಇಂಥ ಸಾವಿರಾರು ಚೂರುಗಳನ್ನು ಅಮೆರಿಕದ ಪುರಾತತ್ತ್ವಜ್ಞೆ ಕಾರ್ಲಾ ಸಿನೊಪೊಲಿ ಒಂದೊಂದಾಗಿ ಅಳೆದು ವಿಂಗಡಿಸಿ, 1993ರಲ್ಲಿ ಪುಸ್ತಕವನ್ನೇ ಬರೆದರು. ಬಾಯಿಯ ಅಗಲ, ಕೊರಳಿನ ಉದ್ದ, ಅಂಚಿನ ಬಾಗು ನೋಡಿದರೆ ಅದು ಒಲೆಯ ಮೇಲಿನದೋ, ನೀರಿನ ಕೊಡವೋ, ಕಾಳು ತುಂಬಿಡುವ ಗುಡಾಣವೋ ತಿಳಿಯುತ್ತದೆ. ಕೈಯಗಲದ ಸಣ್ಣ ಬಟ್ಟಲಿನ ಅಂಚಿನಲ್ಲಿ ಮಸಿ ಇದ್ದರೆ ಅದು ಹಣತೆ. ಅಡಿಗೆಯ ಮಡಕೆ, ನೀರಿನ ಕೊಡಗಳೇ ರಾಶಿಯಲ್ಲಿ ಹೆಚ್ಚು, ಉಣ್ಣುವ ತಟ್ಟೆಯಂಥವು ಅಪರೂಪ. ಎಲೆಯಲ್ಲಿ ಉಂಡವರ ಊಟದ ಗುರುತು ಮಣ್ಣಿನಲ್ಲಿ ಹೇಗೆ ಉಳಿದೀತು! ಮಡಕೆಗಳ ನಡುವೆ ಚೀನಾದ ಪಿಂಗಾಣಿಯ ಚೂರುಗಳೂ ಸಿಕ್ಕಿವೆ. ಸಮುದ್ರ ದಾಟಿ ಬಂದ ಬಟ್ಟಲೂ ಊರಿನ ಕುಂಬಾರ ತಟ್ಟಿದ ಮಡಕೆಯೂ ಒಂದೇ ಮನೆಯಲ್ಲಿದ್ದವು.

ಚೂರನ್ನು ಮುಟ್ಟದೆ ಎದ್ದೆ. ನೆನಪಿಗೆಂದು ಇವನ್ನು ಜೇಬಿಗಿಳಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಿದ್ದ ಜಾಗ ಬಿಟ್ಟರೆ ಅದು ಬರೀ ಹೆಂಚಿನ ತುಂಡು. ಯಾರ ಮನೆಯ ಯಾವ ಮೂಲೆಯದೆಂಬುದು ಆಮೇಲೆ ಯಾರಿಗೂ ತಿಳಿಯದು.

ಅರಮನೆಯ ಆವರಣದ ಮೆಟ್ಟಿಲು ಪುಷ್ಕರಣಿಗೆ ಎಲ್ಲರಂತೆ ನಾನೂ ಹೋದೆ. ಫೋಟೋ ತೆಗೆಸಿಕೊಳ್ಳುವವರ ಗುಂಪೇ ಇತ್ತು. ದಯವಿಟ್ಟು ಒಂದು ನಿಮಿಷ ಬಗ್ಗಿ ಕಲ್ಲುಗಳ ಮೈ ನೋಡಿ. ಯಾವ ದಿಕ್ಕು, ಎಷ್ಟನೆಯ ಸಾಲು, ಎಷ್ಟನೆಯ ಕಲ್ಲು ಎಂದು ಕನ್ನಡದ ಅಕ್ಷರ, ಅಂಕಿಗಳಲ್ಲಿ ಕೊರೆದಿದ್ದಾರೆ. ಬೇರೆಡೆ ಕಡೆದ ಕಲ್ಲುಗಳನ್ನು ಇಲ್ಲಿ ತಂದು ಜೋಡಿಸುವಾಗ ತಪ್ಪದಿರಲೆಂದು ಮಾಡಿಕೊಂಡ ಗುರುತು. ರಾಜನ ಹೊಗಳಿಕೆಯ ಶಾಸನಗಳನ್ನು ಬಹಳ ಓದಿದ್ದೇನೆ. ಕಲ್ಲುಕುಟಿಗ ತನ್ನ ಕೆಲಸಕ್ಕಾಗಿ ಬರೆದುಕೊಂಡ ಈ ಅಕ್ಷರ ಅವೆಲ್ಲಕ್ಕಿಂತ ಹತ್ತಿರದ್ದೆನಿಸಿತು.

ಪಾನ್ ಸುಪಾರಿ ಬಜಾರು ಈಗ ಹುಲ್ಲು ಬೆಳೆದ ದಾರಿ. ಅಲ್ಲಿನ ಪಾರ್ಶ್ವನಾಥ ಬಸದಿ ಇಮ್ಮಡಿ ದೇವರಾಯ 1426ರಲ್ಲಿ ಕಟ್ಟಿಸಿದ್ದು. ಬೀದಿಗೆ ಎಲೆ ಅಡಿಕೆಯ ಹೆಸರಿತ್ತೆಂಬುದು ಅದರ ಶಾಸನದಿಂದಲೇ ಗೊತ್ತು. ತಳವಾರಘಟ್ಟದ ದಾರಿ ಹಿಡಿದರೆ 1439ರಲ್ಲಿ ಅಹ್ಮದ್ ಖಾನ್ ಕಟ್ಟಿಸಿದ ಮಸೀದಿ. ಕನ್ನಡ ಶಾಸನದಲ್ಲಿ ಅದಕ್ಕೆ ಧರ್ಮಶಾಲೆಯೆಂದೇ ಹೆಸರು. ಸುತ್ತ ಗೋರಿಗಳು. ಆ ದೇವರಾಯನ ಸೇವೆಯಲ್ಲಿದ್ದವರು ಇಲ್ಲೇ ಬಾಳಿ ಇಲ್ಲೇ ಮಣ್ಣಾದರು.

ಇವರೆಲ್ಲರ ಹೆಸರಾದರೂ ಉಳಿಯಿತು. ಉಳಿದ ಜನ? ಹದಿನಾರನೆಯ ಶತಮಾನದ ಪೋರ್ಚುಗೀಸ್ ಲೇಖಕ ಬಾರ್ಬೋಸ, ಸಾಮಾನ್ಯರ ಮನೆಗಳಿಗೆ ಹುಲ್ಲಿನ ಸೂರಿದ್ದರೂ ಚೆನ್ನಾಗಿ ಕಟ್ಟಿದ್ದವು, ಕಸುಬಿಗೆ ತಕ್ಕಂತೆ ಬೀದಿಗಳಲ್ಲಿದ್ದವು ಎಂದು ಬರೆದಿದ್ದಾನೆ. ಅಂಥ ಮನೆಗಳಿಗೆ ಪಾಯವೂ ಉಳಿಯಲಿಲ್ಲ. ಅವರ ಜಾಡು ಹಿಡಿಯಲು ಊರಿನ ಹೊರಗೆ ಹೊಲ, ಗುಡ್ಡ, ಕೆರೆ ಏರಿ ಎಲ್ಲವನ್ನೂ ಕಾಲ್ನಡಿಗೆಯಲ್ಲೇ ಶೋಧಿಸಬೇಕು. ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಸುಮಾರು ಹತ್ತು ವರ್ಷ ಹೀಗೆ ನಡೆದು 700ಕ್ಕೂ ಹೆಚ್ಚು ನೆಲೆಗಳನ್ನು ದಾಖಲಿಸಿದರು.

ಹೊತ್ತು ಇಳಿಯುವಾಗ ದಾರಿಯ ಪಕ್ಕದ ಹಾಸುಬಂಡೆ ಹತ್ತಿದೆ. ಬಂಡೆಯಲ್ಲೇ ತೋಡಿದ ಒರಳು, ಈ ಕಡೆಯವರ ಮಾತಿನಲ್ಲಿ ಒಳ್ಳು. ಪಕ್ಕದಲ್ಲಿ ಗೀಚಿದ ಹುಲಿ-ಕುರಿ ಆಟದ ಮನೆಗಳು. ಹೊರಗಿನ ಕಲ್ಲು ಒರಟು, ಒಳ್ಳಿನ ಒಳಗೆ ಕೈಯಿಟ್ಟರೆ ಎಣ್ಣೆ ಹಚ್ಚಿದಷ್ಟು ನುಣುಪು. ಒನಕೆ ಎಷ್ಟು ಸಲ ಬಿದ್ದಿರಬೇಕು! ನನ್ನ ಮೊಣಕೈವರೆಗೂ ಆಳವಿತ್ತು. ಸುತ್ತ ಬಂಡೆ ಸಮತಟ್ಟಾಗಿದೆ. ಇಬ್ಬರು ಎದುರುಬದುರು ನಿಂತು, ಒಬ್ಬರಾದ ಮೇಲೊಬ್ಬರು ಒನಕೆ ಹಾಕುವಷ್ಟು ಜಾಗ.