ಬೀದಿಗೆ ಬಂತು ಭಾಗ್ಯ, ಅಂಗಡಿಗೆ ಏನು ಬಂತು?

ಹಳೇ ಪೇಟೆಗೆ ಸರ್ಕಾರದ ದುಡ್ಡು ಬಂತು ಅಂದರೆ ಮೊದಲು ಬರುವುದು ಗುದ್ದಲಿ, ಆಮೇಲೆ ಜೆಸಿಬಿ. ಅಂಗಡಿ ಮುಂದೆ ಗುಂಡಿ, ಗುಂಡಿಯ ಮೇಲೊಂದು ಹಲಗೆ, ಹಲಗೆಯ ಮೇಲೆ ಗಿರಾಕಿಯ ಸರ್ಕಸ್ಸು. ರಾಜ್ಯದ ಏಳು ‘ಸ್ಮಾರ್ಟ್ ಸಿಟಿ’ಗಳ ಪೇಟೆ ಬೀದಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2015ರ ಜೂನ್ 25ರಂದು ಕೇಂದ್ರ ಸರ್ಕಾರ ಶುರು ಮಾಡಿದ ಯೋಜನೆ. 2016ರ ಜನವರಿಯ ಮೊದಲ ಪಟ್ಟಿಯಲ್ಲೇ ದಾವಣಗೆರೆ, ಬೆಳಗಾವಿ ಇದ್ದವು. ಅದೇ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು ಸೇರಿದವು, ಮರುವರ್ಷ ಬೆಂಗಳೂರು. ಊರೊಂದಕ್ಕೆ ಕೇಂದ್ರದಿಂದ 500 ಕೋಟಿ, ರಾಜ್ಯ ಮತ್ತು ಪಾಲಿಕೆ ಸೇರಿ ಅಷ್ಟೇ ಮೊತ್ತ ಹಾಕಬೇಕು ಅಂತ ಲೆಕ್ಕ. ಐದು ವರ್ಷದ ಯೋಜನೆ ಎಳೆದೂ ಎಳೆದೂ 2025ರ ಮಾರ್ಚ್ 31ಕ್ಕೆ ಮುಗಿಯಿತು.

ದುಡ್ಡು ಇಡೀ ಊರಿಗಲ್ಲ. ನಕ್ಷೆಯ ಮೇಲೊಂದು ಗೆರೆ. ಹಳೇ ಬಡಾವಣೆ ದುರಸ್ತಿಯಾದರೆ 500 ಎಕರೆ, ಕೆಡವಿ ಕಟ್ಟುವುದಾದರೆ 50 ಎಕರೆ. ಗೆರೆಯ ಒಳಗಿದ್ದವನ ಬಾಗಿಲಿಗೆ ಹೊಸ ಕಲ್ಲುಹಾಸು, ಹೊರಗಿದ್ದವನಿಗೆ ಅದೇ ಹಳೇ ಮೋರಿ. ಖರ್ಚು ಮಾಡುವುದೂ ನೇರ ಪಾಲಿಕೆಯಲ್ಲ, ರಾಜ್ಯ ಮತ್ತು ಪಾಲಿಕೆ ಅರ್ಧರ್ಧ ಷೇರು ಹಾಕಿ ಕಟ್ಟಿದ ಬೇರೆಯೇ ಕಂಪನಿ. ಗುಂಡಿಯ ದೂರು ಹೊತ್ತವನು ಯಾರ ಬಾಗಿಲು ತಟ್ಟಬೇಕು?

ಇರಲಿ, ರಸ್ತೆ ಆಯಿತು, ದೀಪ ಬಂತು. ಆದರೆ ಸೋರುವ ಹೆಂಚು ತೆಗೆಸಿ ಮಳಿಗೆ ನೆಟ್ಟಗೆ ಮಾಡಿಕೊಂಡವನಿಗೆ ಏನು ಸಿಕ್ಕಿತು? ಆಸ್ತಿ ತೆರಿಗೆ ಏಪ್ರಿಲ್‌ನಲ್ಲೇ ಕಟ್ಟಿದರೆ ಶೇಕಡ 5 ರಿಯಾಯಿತಿ ಉಂಟು, ನಿಜ. ಅದು ಬೇಗ ಕಟ್ಟಿದ್ದಕ್ಕೆ, ಕಟ್ಟಡ ಉಳಿಸಿದ್ದಕ್ಕಲ್ಲ. ಅಮೆರಿಕದಲ್ಲಿ ಪೇಟೆಯ ಹಳೇ ಕಟ್ಟಡವನ್ನು ಅದರ ಚಹರೆ ಕೆಡಿಸದೆ ದುರಸ್ತಿ ಮಾಡಿ ವ್ಯಾಪಾರಕ್ಕೆ ಬಿಟ್ಟರೆ, ಖರ್ಚಿನ ಶೇಕಡ 20ನ್ನು ವರಮಾನ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. 1976ರಲ್ಲಿ ಶುರುವಾದ ಸವಲತ್ತು ಅದು, ಈ ದರ 1986ರದು. ಕಟ್ಟಡ ಮಾತ್ರ ಸರ್ಕಾರದ ಐತಿಹಾಸಿಕ ಪಟ್ಟಿಯಲ್ಲಿರಬೇಕು. ನಮ್ಮಲ್ಲಿ ಬೀದಿಗೆ ಸಿಂಗಾರ, ಅಂಗಡಿಯವನಿಗೆ ಬಿಲ್ಲು. 2021ರಿಂದ ನಗರಗಳ ಆಸ್ತಿ ತೆರಿಗೆಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರಕ್ಕೆ ಗಂಟು ಹಾಕಲಾಗಿದೆ. ಬೀದಿ ಚೆಂದವಾದರೆ ದರ ಏರುತ್ತೆ, ದರ ಏರಿದರೆ ತೆರಿಗೆ ಏರುತ್ತೆ.

ತೆರಿಗೆ ಕಟ್ಟುವವನು ಮಾಲೀಕ, ಸರಿ. ಗಲ್ಲಾ ಮೇಲೆ ಕೂತವನು? ಪೇಟೆ ಬೀದಿಯಲ್ಲಿ ಬಾಡಿಗೆದಾರರು ಕಡಿಮೆಯೇನಲ್ಲ. 14 ಚದರ ಮೀಟರಿಗಿಂತ, ಅಂದರೆ ಸುಮಾರು 150 ಚದರಡಿಗಿಂತ, ದೊಡ್ಡ ಅಂಗಡಿಗೆ ರಾಜ್ಯದ 1999ರ ಬಾಡಿಗೆ ಕಾಯ್ದೆಯ ರಕ್ಷಣೆಯೇ ಇಲ್ಲ. ಚಿಕ್ಕದಕ್ಕೂ ಬಾಡಿಗೆ ಒಂದು ಮಿತಿ ದಾಟಿದರೆ ಅದೇ ಗತಿ. ಇದು ಎಷ್ಟೋ ವರ್ತಕರಿಗೆ ತಿಳಿಯುವುದು ವಕೀಲರ ನೋಟೀಸು ಕೈಗೆ ಬಂದ ಮೇಲೆ.

ಫುಟ್‌ಪಾತ್ ಮೇಲೆ ಬುಟ್ಟಿ ಇಟ್ಟವರ ಪಾಡು ಇನ್ನೊಂದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಅವರನ್ನು ಎಬ್ಬಿಸುವಂತಿಲ್ಲ. 2020ರಲ್ಲಿ ‘ಸ್ವನಿಧಿ’ ಹೆಸರಿನಲ್ಲಿ 10,000 ರೂಪಾಯಿ ಮೊದಲ ಸಾಲ, ಬಡ್ಡಿಯಲ್ಲಿ ಶೇಕಡ 7 ಸಹಾಯಧನ. ಸಾಲ ಕೊಡಿಸಿದ್ದು ಸರ್ಕಾರ. ಫುಟ್‌ಪಾತ್ ತೆರವು ಅಂತ ಲಾರಿ ತಂದು ಬುಟ್ಟಿ ಎತ್ತಿಹಾಕಿಕೊಂಡು ಹೋಗುವುದೂ ಸರ್ಕಾರದ್ದೇ ಕೈ. ಕಂತು ಮಾತ್ರ ತಿಂಗಳಿಗೆ ಸರಿಯಾಗಿ ಬರುತ್ತೆ.

ಯೋಜನೆಯ ಬೋರ್ಡುಗಳು ಇನ್ನೂ ಅಲ್ಲಲ್ಲಿ ನಿಂತಿವೆ. ಪೇಟೆಯ ಬಾಡಿಗೆ ಕರಾರು ಮಾತ್ರ ಈಗಲೂ ಹನ್ನೊಂದು ತಿಂಗಳಿನದೇ. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಲ್ಲ! ಹೊಸ ದೀಪದ ಕೆಳಗೆ ಬಾಗಿಲೆಳೆದು ಕೊನೇ ಬಸ್ಸಿಗೆ ಓಡುವ ಬಾಡಿಗೆದಾರನ ಚಿಂತೆ, ಹನ್ನೆರಡನೇ ತಿಂಗಳು ಮಾಲೀಕ ಎಷ್ಟು ಕೇಳುತ್ತಾನೋ ಅನ್ನುವುದು.