ಬೆಟ್ಟದ ಖಾತೆಪುಸ್ತಕ: ಲಾವಾದ ವಯಸ್ಸನ್ನು ಅಳೆಯುವ ಬಗೆ

ಕಳೆದ ತಿಂಗಳು ನಮ್ಮ ವಾಚನಾಲಯದಲ್ಲಿ ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ನನ್ನನ್ನು ಕರೆದು ಕೇಳಿದರು: "ಅಲ್ಲ ರಾಯರೇ, ಈ ಬೆಟ್ಟ ಸಾವಿರ ವರ್ಷದ ಹಿಂದೆ ಬೆಂಕಿ ಉಗುಳಿತ್ತು ಅಂತ ಬರೆದಿದ್ದಾರಲ್ಲ, ಆಗ ಅಲ್ಲಿ ನಿಂತು ಬರೆದಿಟ್ಟವರು ಯಾರು?" ಪ್ರಶ್ನೆ ನ್ಯಾಯವಾದದ್ದೇ. ನನಗೆ ಒಡನೆ ಉತ್ತರ ಹೊಳೆಯಲಿಲ್ಲ. ಆಮೇಲೆ ಪುಸ್ತಕಗಳನ್ನು ತಿರುವಿಹಾಕಿ ತಿಳಿದುಕೊಂಡ ಸಂಗತಿಯನ್ನು ವಾಚಕರೆಲ್ಲರ ಮುಂದೆ ಇಡುತ್ತಿದ್ದೇನೆ.

ಶಾಂತಸಾಗರದ ನಡುವೆ ಹವಾಯಿ ಎಂಬ ದ್ವೀಪವಿದೆ. ಅಲ್ಲಿ ಮೌನಾ ಲೋವಾ ಎಂಬ ಜ್ವಾಲಾಮುಖಿ ಪರ್ವತ. 'ಉದ್ದನೆಯ ಬೆಟ್ಟ' ಎಂದು ಆ ಹೆಸರಿನ ಅರ್ಥ. ಎತ್ತರ ೪,೧೬೯ ಮೀಟರ್. ೧೮೪೩ರಿಂದ ಈಚೆಗೆ ಅದು ಮೂವತ್ತಕ್ಕಿಂತ ಹೆಚ್ಚು ಸಲ ಲಾವಾ ಸುರಿಸಿದೆ. ೧೯೫೦ರಲ್ಲಿ ಹರಿದ ಲಾವಾ ಕೆಲವೇ ಗಂಟೆಗಳಲ್ಲಿ ಸಮುದ್ರ ಮುಟ್ಟಿತು. ೧೯೮೪ರ ಅನಂತರ ಮೂವತ್ತೆಂಟು ವರ್ಷ ಸುಮ್ಮನಿದ್ದು, ೨೦೨೨ನೆಯ ನವೆಂಬರಿನಲ್ಲಿ ಮತ್ತೆ ಬಾಯಿ ತೆರೆಯಿತು. ಆದರೆ ಬರಹದ ದಾಖಲೆ ಇಷ್ಟೇ. ಇನ್ನೂರು ವರ್ಷವೂ ಇಲ್ಲ. ಲಕ್ಷಾಂತರ ವರ್ಷ ಬಾಳಿದ ಬೆಟ್ಟದ ಸ್ವಭಾವವನ್ನು ಇಷ್ಟರಿಂದಲೇ ತೀರ್ಮಾನಿಸುವುದೆಂದರೆ, ಒಬ್ಬ ಕೆಲಸಗಾರನ ಇಡೀ ನೌಕರಿಯನ್ನು ಒಂದು ದಿನದ ಹಾಜರಿಪಟ್ಟಿ ನೋಡಿ ಅಳೆದಂತೆ. ಹಾಗಾದರೆ ಹಿಂದಿನ ಪುಟಗಳು ಎಲ್ಲಿವೆ? ಬೆಟ್ಟದ ಮೈಮೇಲೆಯೇ ಇವೆ. ಅವನ್ನು ಓದುವ ಬಗೆ ಗೊತ್ತಿರಬೇಕು, ಅಷ್ಟೆ.

ಮೊದಲನೆಯ ಕೆಲಸ ಅನುಕ್ರಮ ಹಾಕುವುದು. ಮೇಜಿನ ಮೇಲೆ ಕಾಗದಗಳನ್ನು ಒಂದರ ಮೇಲೊಂದು ಇಡುತ್ತ ಹೋದರೆ ಕೆಳಗಿನದು ಮೊದಲು ಬಂದದ್ದು, ಮೇಲಿನದು ಆಮೇಲೆ ಬಂದದ್ದು. ಲಾವಾ ಹರಿವುಗಳೂ ಹೀಗೆಯೇ. ಭೂವಿಜ್ಞಾನಿಗಳು ಬೆಟ್ಟವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ, ಯಾವ ಹರಿವಿನ ಅಂಚು ಯಾವುದರ ಮೇಲೆ ಹತ್ತಿದೆ ಎಂದು ನೋಡಿ ನಕ್ಷೆಯಲ್ಲಿ ಗುರುತಿಸುತ್ತಾರೆ. ಬರಿಯ ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ. ಮಳೆ ಹೆಚ್ಚು ಬೀಳುವ ಪಕ್ಕದಲ್ಲಿ ಲಾವಾದ ಮೇಲೆ ಬೇಗನೆ ಕಾಡು ಬೆಳೆದು ಅದು ಬಹಳ ಹಳೆಯದೆಂಬಂತೆ ಕಾಣುತ್ತದೆ. ಒಣ ಪಕ್ಕದಲ್ಲಿ ನೂರಾರು ವರ್ಷದ ಕಲ್ಲೂ ನಿನ್ನೆ ಆರಿದಂತೆ ಕರ್ರಗೆ ಹೊಳೆಯುತ್ತದೆ.

ಅನುಕ್ರಮ ಸಿಕ್ಕಿತು, ಇಸವಿ ಬೇಕಲ್ಲ? ಅದಕ್ಕೆ ನೆರವಾಗುವುದು ಇದ್ದಿಲು. ಬಿಸಿ ಲಾವಾ ಗಿಡಮರಗಳ ಮೇಲೆ ಹರಿದಾಗ ಮೇಲಿನದೆಲ್ಲ ಉರಿದುಹೋಗುತ್ತದೆ. ಆದರೆ ಗಾಳಿ ಸೇರದ ಕಡೆ, ಹರಿವಿನ ತಳದಲ್ಲಿ ಸಿಕ್ಕಿದ ಬೇರು ಕಡ್ಡಿಗಳು ಪೂರ್ತಿ ಸುಡದೆ ಇದ್ದಿಲಾಗಿ ಉಳಿಯುತ್ತವೆ. ಲಾವಾ ತೆಳ್ಳಗಿರುವ ಅಂಚಿನಲ್ಲಿ ಅಗೆದು ಈ ಇದ್ದಿಲನ್ನು ಹೊರತೆಗೆಯುತ್ತಾರೆ.

ಇದ್ದಿಲಿನಲ್ಲಿ ಗಡಿಯಾರ ಎಲ್ಲಿಂದ ಬಂತು? ಆಕಾಶದಿಂದ ಬರುವ ವಿಶ್ವಕಿರಣಗಳು ನಮ್ಮ ಗಾಳಿಯಲ್ಲಿರುವ ಸಾರಜನಕಕ್ಕೆ ಬಡಿದು, ಕಾರ್ಬನ್-೧೪ ಎಂಬ ಒಂದು ಬಗೆಯ ಇಂಗಾಲವನ್ನು ಉಂಟುಮಾಡುತ್ತವೆ. ಗಿಡ ಬದುಕಿರುವಷ್ಟು ದಿನ ಗಾಳಿಯಿಂದ ಅದನ್ನು ತೆಗೆದುಕೊಳ್ಳುತ್ತಲೇ ಇರುತ್ತದೆ. ಸತ್ತ ದಿನ ಜಮೆ ನಿಂತಿತು. ಅಲ್ಲಿಂದ ಮುಂದೆ ಖರ್ಚು ಮಾತ್ರ. ಸುಮಾರು ೫,೭೩೦ ವರ್ಷಕ್ಕೆ ಅದು ಅರ್ಧವಾಗುತ್ತದೆ, ಇನ್ನೂ ಅಷ್ಟೇ ವರ್ಷ ಕಳೆದರೆ ಕಾಲುಭಾಗ. ಎಷ್ಟು ಉಳಿದಿದೆ ಎಂದು ಅಳೆದರೆ ಗಿಡ ಸತ್ತ ಕಾಲ, ಎಂದರೆ ಲಾವಾ ಹರಿದ ಕಾಲ, ತಿಳಿಯುತ್ತದೆ. ಈ ಉಪಾಯವನ್ನು ೧೯೪೯ರ ಸುಮಾರಿಗೆ ರೂಪಿಸಿದವರು ವಿಲರ್ಡ್ ಲಿಬಿ. ೧೯೬೦ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಗಾಳಿಯಲ್ಲಿ ಈ ಇಂಗಾಲದ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಸಮನಾಗಿ ಇರಲಿಲ್ಲವಾದ್ದರಿಂದ, ಮರಗಳ ವಾರ್ಷಿಕ ಉಂಗುರಗಳೊಡನೆ ಹೋಲಿಸಿ ಲೆಕ್ಕವನ್ನು ತಿದ್ದಿಕೊಳ್ಳುತ್ತಾರೆ.

ಇಲ್ಲಿಯೂ ಎಚ್ಚರ ಬೇಕು. ದೊಡ್ಡ ಮರದ ನಡುಭಾಗ, ಮರ ಬದುಕಿರುವಾಗಲೇ ಬೆಳವಣಿಗೆ ನಿಲ್ಲಿಸಿರುತ್ತದೆ. ಅದರ ಇದ್ದಿಲು ನಿಜಕ್ಕಿಂತ ಹಳೆಯ ಕಾಲವನ್ನು ತೋರಿಸೀತು. ಆದ್ದರಿಂದ ಎಳೆಯ ರೆಂಬೆ, ಸಣ್ಣ ಕಡ್ಡಿಗಳನ್ನೇ ಆರಿಸುತ್ತಾರೆ. ಆಮೇಲೆ ಇಳಿದ ಹೊಸ ಬೇರು ಇದ್ದಿಲಿನೊಳಗೆ ಸೇರಿಕೊಂಡಿದ್ದರೆ ಲೆಕ್ಕ ಇನ್ನೊಂದು ಕಡೆಗೆ ತಪ್ಪುತ್ತದೆ. ಅದನ್ನು ತೊಳೆದು ತೆಗೆಯಬೇಕು.

ಇದ್ದಿಲು ಸಿಗದ ಕಡೆ ಕಾಂತಗುಣ ಸಹಾಯಕ್ಕೆ ಬರುತ್ತದೆ. ಲಾವಾದಲ್ಲಿ ಕಬ್ಬಿಣದ ಅಂಶವುಳ್ಳ ಕಣಗಳಿವೆ. ಕಲ್ಲು ಆರುವಾಗ ಅವು ಆ ದಿನ ಭೂಮಿಯ ಕಾಂತಕ್ಷೇತ್ರ ಯಾವ ದಿಕ್ಕಿಗಿತ್ತೋ ಆ ದಿಕ್ಕನ್ನೇ ಹಿಡಿದು ನಿಲ್ಲುತ್ತವೆ. ಆ ದಿಕ್ಕು ಶತಮಾನದಿಂದ ಶತಮಾನಕ್ಕೆ ಅಷ್ಟಿಷ್ಟು ಸರಿಯುತ್ತ ಇರುತ್ತದೆ. ವಯಸ್ಸು ತಿಳಿದ ಹರಿವುಗಳೊಡನೆ ತಿಳಿಯದ ಹರಿವಿನ ದಿಕ್ಕನ್ನು ಹೋಲಿಸಿದರೆ ಕಾಲದ ಸುಳಿವು ಸಿಗುತ್ತದೆ. ಇಟಲಿಯ ಎಟ್ನಾ ಬೆಟ್ಟದ ಲಾವಾಗಳ ಮೇಲೆ ಶೆವಾಲಿಯೆ ಎಂಬ ಫ್ರೆಂಚ್ ವಿಜ್ಞಾನಿ ೧೯೨೫ರಲ್ಲಿಯೇ ಇಂತಹ ಅಳತೆ ಮಾಡಿ ಪ್ರಕಟಿಸಿದರು. ಮುಂದೆ ಅದೇ ಬೆಟ್ಟದಲ್ಲಿ ಒಂದು ವಿಚಿತ್ರ ಬಯಲಾಯಿತು. ನಕ್ಷೆಯಲ್ಲಿ ಇಂತಹ ಇಸವಿಯದೆಂದು ಬರೆದಿದ್ದ ಕೆಲವು ಹರಿವುಗಳು ಅದಕ್ಕಿಂತ ನೂರಾರು ವರ್ಷ ಹಳೆಯವು! ಬರೆದದ್ದೆಲ್ಲ ಸರಿಯೆಂದು ನಂಬಬಾರದು, ತಾಳೆ ನೋಡಬೇಕು ಎಂಬುದು ನಮ್ಮಂತಹ ಗುಮಾಸ್ತರಿಗೆ ಹೊಸ ಮಾತೇನಲ್ಲ.

ಇದ್ದಿಲಿನ ಗಡಿಯಾರ ಸುಮಾರು ಐವತ್ತು ಸಾವಿರ ವರ್ಷಕ್ಕೆ ನಿಂತುಹೋಗುತ್ತದೆ. ಅದಕ್ಕಿಂತ ಬಹಳ ಹಳೆಯ ಕಲ್ಲಿಗೆ ಬೇರೆ ಗಡಿಯಾರ ಉಂಟು. ಕಲ್ಲಿನಲ್ಲಿರುವ ಪೊಟ್ಯಾಸಿಯಂನ ಒಂದು ಸಣ್ಣ ಅಂಶ ಬಹಳ ನಿಧಾನವಾಗಿ ಕ್ಷಯಿಸುತ್ತ ಆರ್ಗಾನ್ ಎಂಬ ಅನಿಲವನ್ನು ಉಂಟುಮಾಡುತ್ತದೆ. ಆ ಅಂಶ ಅರ್ಧವಾಗಲು ಸುಮಾರು ೧೨೫ ಕೋಟಿ ವರ್ಷ ಬೇಕು. ಕಲ್ಲು ಕರಗಿ ಹರಿಯುವಾಗ ಹಳೆಯ ಆರ್ಗಾನ್ ಹೊರಟುಹೋಗುತ್ತದೆ; ಗಟ್ಟಿಯಾದ ಮೇಲೆ ಹುಟ್ಟಿದ್ದು ಒಳಗೇ ಉಳಿಯುತ್ತದೆ. ನಾವು ರಜೆಗೆ ಊರಿಗೆ ಹೋಗುವಾಗ ಮುಂಬಯಿ ಪುಣೆಗಳ ನಡುವೆ ಘಾಟಿನಲ್ಲಿ ಕಿಟಕಿಯಿಂದ ಕಾಣುವ, ಮೆಟ್ಟಿಲು ಮೆಟ್ಟಿಲಾದ ಕರಿಬಂಡೆಗಳೂ ಲಾವಾ ಹರಿವುಗಳೇ. ಬೆಳಗಾವಿ, ವಿಜಾಪುರಗಳ ಕರಿಕಲ್ಲೂ ಅದೇ ಸಂಸಾರಕ್ಕೆ ಸೇರಿದ್ದು. ಆರ್ಗಾನ್ ಗಡಿಯಾರದ ಪ್ರಕಾರ ಅವುಗಳ ವಯಸ್ಸು ಸುಮಾರು ಆರೂವರೆ ಕೋಟಿ ವರ್ಷಕ್ಕಿಂತ ತುಸು ಹೆಚ್ಚು. ಆ ಬೆಂಕಿ ಆರಿ ಎಷ್ಟೋ ಯುಗಗಳಾದವು. ನಮಗೆ ಅದರ ಭಯವಿಲ್ಲ.

ಆದರೆ ಹವಾಯಿಯವರಿಗೆ ಇದು ಕುತೂಹಲದ ಮಾತಲ್ಲ, ಮನೆಮಾರಿನ ಮಾತು. ಮೌನಾ ಲೋವಾದ ಮೈಯಲ್ಲಿ ಸುಮಾರು ನೂರಕ್ಕೆ ತೊಂಬತ್ತು ಭಾಗ ನಾಲ್ಕು ಸಾವಿರ ವರ್ಷಕ್ಕಿಂತ ಈಚಿನ ಲಾವಾದಿಂದ ಮುಚ್ಚಿದೆ ಎಂದು ಈ ಲೆಕ್ಕದಿಂದಲೇ ತಿಳಿದುಬಂತು. ಎಲ್ಲಿ ಎಷ್ಟು ಸಲ ಹರಿದಿದೆ ಎಂಬುದನ್ನು ಆಧಾರವಾಗಿಟ್ಟುಕೊಂಡು ದ್ವೀಪಕ್ಕೆ ಅಪಾಯದ ನಕ್ಷೆ ಮಾಡಿದರು. ಮೊದಲನೆಯದು ೧೯೭೪ರಲ್ಲಿ ಹೊರಬಂತು. ಈಗಿನ ನಕ್ಷೆಯಲ್ಲಿ ಒಂಬತ್ತು ವಲಯಗಳಿದ್ದು, ಒಂದನೆಯದು ಎಲ್ಲಕ್ಕಿಂತ ಅಪಾಯದ್ದು.

ಪಕ್ಕದ ಕಿಲವೇಯಾ ಜ್ವಾಲಾಮುಖಿಯ ಪೂರ್ವದ ತಪ್ಪಲಿನಲ್ಲಿ ಪೂನಾ ಎಂಬ ಸೀಮೆಯಿದೆ. ೧೯೬೦ರಲ್ಲಿ ಅಲ್ಲಿನ ಕಪೋಹೋ ಎಂಬ ಊರು ಲಾವಾದಡಿ ಹೂತುಹೋಗಿತ್ತು. ಆದರೂ ಆ ಸೀಮೆಯಲ್ಲಿ ಜಾಗ ಅಗ್ಗ. ಬೇರೆ ಕಡೆ ಸೈಟು ಕೊಳ್ಳಲಾರದ ಸಾಧಾರಣ ಸಂಪಾದನೆಯ ಜನ ಹಲವರು ಅಲ್ಲಿ ಮನೆ ಕಟ್ಟಿಕೊಂಡರು. ಲೆಯಿಲಾನಿ ಬಡಾವಣೆ ಒಂದನೆಯ ವಲಯದಲ್ಲಿಯೇ ಇತ್ತು. ೨೦೧೮ರ ಮೇ ತಿಂಗಳಿನಲ್ಲಿ ಆ ಬಡಾವಣೆಯ ಬೀದಿಗಳಲ್ಲೇ ನೆಲ ಬಿರಿಯಿತು. ಆಗಸ್ಟಿನ ಹೊತ್ತಿಗೆ ಆ ಸೀಮೆಯಲ್ಲಿ ಏಳುನೂರಕ್ಕೂ ಹೆಚ್ಚು ಮನೆಗಳು ಹೋಗಿದ್ದವು. ನಕ್ಷೆ ಸುಳ್ಳು ಹೇಳಿರಲಿಲ್ಲ. ಆದರೆ ಕೈಯಲ್ಲಿರುವ ಹಣಕ್ಕೆ ತಕ್ಕ ಜಾಗ ಹುಡುಕುವವನಿಗೆ ನಕ್ಷೆ ಒಂದು ಹೇಳಿದರೆ ಜೇಬು ಇನ್ನೊಂದು ಹೇಳುತ್ತದೆ. ಊರಿನಲ್ಲೋ ಇಲ್ಲಿಯೋ ಒಂದು ತುಂಡು ಜಾಗಕ್ಕಾಗಿ ವರ್ಷಗಟ್ಟಲೆ ಹಣ ಕೂಡಿಸುವ ನಮಗೆ ಆ ಜನರ ಕಷ್ಟ ಅರ್ಥವಾಗದೆ ಇರದು.

ಜಾಗ ಕೊಳ್ಳುವ ಮುನ್ನ ನಾವು ಹಿಂದಿನ ಪತ್ರಗಳನ್ನು ನೋಡುತ್ತೇವೆ. ವಿಜ್ಞಾನಿಗಳು ಇದ್ದಿಲಿನಲ್ಲಿ, ಕಾಂತದಲ್ಲಿ, ಅನಿಲದಲ್ಲಿ ಹುಡುಕುವುದೂ ಅಂತಹ ಪತ್ರಗಳನ್ನೇ. ಮುಂದಿನ ಸಲ ಬೆಟ್ಟ ಯಾವ ದಿನ ಉರಿದೀತೆಂದು ಅವು ಹೇಳಲಾರವು. ಎಲ್ಲಿ ಹರಿಯುವ ಸಂಭವ ಹೆಚ್ಚು ಎಂಬುದನ್ನು ಹೇಳಬಲ್ಲವು. ಪ್ರಶ್ನೆ ಕೇಳಿದ ಹಿರಿಯರಿಗೆ ಈಗ ನನ್ನ ಉತ್ತರ ಇದು: ಅಂದು ನಿಂತು ಬರೆದವರು ಯಾರೂ ಇರಲಿಲ್ಲ ಸ್ವಾಮಿ, ಬೆಟ್ಟವೇ ಬರೆದಿಟ್ಟಿತ್ತು. ಓದುವವರು ಬರುವುದು ತಡವಾಯಿತು, ಅಷ್ಟೆ.