ಕಾವಲು ಕ್ಯಾಮೆರಾ : ಬಿಂಬದ ಹದ ಮತ್ತು ಸಾಕ್ಷ್ಯದ ಬೆಲೆ

ಮುಂಬಯಿಯಂತಹ ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬಹುಮಂದಿ ಯಾವುದಾದರೊಂದು ಗೃಹನಿರ್ಮಾಣ ಸಹಕಾರಿ ಸಂಘದ ಸದಸ್ಯರಾಗಿರುವರು; ಹೆಬ್ಬಾಗಿಲಿಗೆ ಕಾವಲು ಕ್ಯಾಮೆರಾ ಹಾಕಿಸುವ ಠರಾವಿಗೆ ಕೈಯೆತ್ತಿದವರೂ ಆಗಿರುವರು. ಕ್ಯಾಮೆರಾ ಗೋಡೆಯನ್ನೇರಿತೆಂದರೆ ಕೆಲಸ ಮುಗಿಯಿತೆಂದು ತಿಳಿಯುವುದು ವಾಡಿಕೆ. ಹಾಗೆ ತಿಳಿದುದರ ಫಲವನ್ನು ನಮ್ಮ ಕಟ್ಟಡದಲ್ಲಿಯೇ ಕಂಡೆನು. ಒಂದು ಬೆಳಿಗ್ಗೆ ಸೈಕಲ್ಲೊಂದು ಕಾಣೆಯಾಯಿತು. ದಾಖಲೆಯನ್ನು ತೆರೆದಾಗ ಕಂಡುದು ಬೀದಿಯ ಬೆಳಕಿಗೆ ಬೆನ್ನುಕೊಟ್ಟ ಒಂದು ಕಪ್ಪು ಆಕೃತಿ. ತಲೆಯ ಮೇಲೆ ಟೋಪಿ. ಟೋಪಿಯಿದ್ದುದರಿಂದ ಕಾವಲುಗಾರನೇ ಇರಬೇಕೆಂದು ಸಭೆ ತೀರ್ಮಾನಿಸಿತು. ಅವನು ಕಲಬುರ್ಗಿಯ ಕಡೆಯಿಂದ ಹೊಟ್ಟೆಪಾಡಿಗೆ ಬಂದವನು. ಮೂರನೆಯ ದಿನ ಸೈಕಲ್ಲು ದೊರೆಯಿತು. ಅದರ ಒಡೆಯರ ನಂಟನೊಬ್ಬನು ಹೇಳದೆ ಒಯ್ದಿದ್ದನು. ಅಷ್ಟರಲ್ಲಿ ಕಾವಲುಗಾರನು ಕೆಲಸ ಕಳೆದುಕೊಂಡು ಹೊರಟುಹೋಗಿದ್ದನು. ಆ ಕಪ್ಪು ಆಕೃತಿಗೆ ಮುಖವನ್ನು ಕೊಡುವ ಶಕ್ತಿ ಯಂತ್ರದಲ್ಲಿ ಇದ್ದೇ ಇತ್ತು. ಅದನ್ನು ಹದಗೊಳಿಸಲು ನಮ್ಮಲ್ಲಿ ಯಾರೂ ಮನಸ್ಸು ಮಾಡಿರಲಿಲ್ಲ.

ಜಾಲಬದ್ಧ ಕ್ಯಾಮೆರಾವನ್ನು ಮೊತ್ತಮೊದಲು ೧೯೯೬ರಲ್ಲಿ ಮಾರುಕಟ್ಟೆಗೆ ತಂದುದು ಸ್ವೀಡನ್ ದೇಶದ ಆಕ್ಸಿಸ್ ಸಂಸ್ಥೆ. ಹಳೆಯ ಬಗೆಯದು ತಂತಿಯ ಮೂಲಕ ಚಿತ್ರಸಂಕೇತವನ್ನು ಕಳುಹಿಸಿ ಸುಮ್ಮನಾಗುತ್ತಿತ್ತು. ಇದಾದರೋ ತನ್ನೊಳಗೊಂದು ಸಣ್ಣ ಗಣಕವನ್ನೂ ಜಾಲದಲ್ಲಿ ತನ್ನದೇ ವಿಳಾಸವನ್ನೂ ಹೊಂದಿದೆ. ಆ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು ಪಾಸ್‌ವರ್ಡ್ ಕೊಟ್ಟರೆ ಹೊಂದಾಣಿಕೆಗಳೆಲ್ಲ ಕಣ್ಣೆದುರಿಗೆ ಬರುವುವು. ಇವುಗಳಲ್ಲಿ ಎರಡು ವರ್ಗ. ಬೆಳಕು ಬಿಂಬವಾಗುವ ರೀತಿಯನ್ನು ನಿಯಂತ್ರಿಸುವುದು ಒಂದು. ಆ ಬಿಂಬವನ್ನು ಸಂಕೋಚಿಸಿ ಕಳುಹಿಸುವ ರೀತಿಯನ್ನು ನಿಯಂತ್ರಿಸುವುದು ಇನ್ನೊಂದು. ಮೊದಲನೆಯದರಲ್ಲಿ ಕಳೆದುಹೋದುದನ್ನು ಎರಡನೆಯದು ಮರಳಿ ತರಲಾರದು. ಆದುದರಿಂದ ಬಿಂಬದಿಂದಲೇ ಆರಂಭಿಸುವುದು ಕ್ರಮ.

ಕ್ಯಾಮೆರಾದಿಂದ ನಮಗೆ ಬೇಕಾದುದೇನೆಂಬುದನ್ನು ಮೊದಲು ನಿಶ್ಚಯಿಸಬೇಕು. ೨೦೧೪ರಲ್ಲಿ ಪ್ರಕಟವಾದ ಐ.ಇ.ಸಿ. ೬೨೬೭೬-೪ ಎಂಬ ಅಂತರರಾಷ್ಟ್ರೀಯ ಮಾನಕವು ಇದಕ್ಕೊಂದು ಅಳತೆಗೋಲನ್ನು ಕೊಟ್ಟಿತು. ದೃಶ್ಯದ ಅಗಲದಲ್ಲಿ ಮೀಟರೊಂದಕ್ಕೆ ೨೫ ಪಿಕ್ಸೆಲ್ ಇದ್ದರೆ ಯಾರೋ ಬಂದಿರುವರೆಂದು ತಿಳಿಯುವುದು. ೧೨೫ ಇದ್ದರೆ ಪರಿಚಿತನನ್ನು ಗುರುತು ಹಿಡಿಯಬಹುದು. ಅಪರಿಚಿತನ ಗುರುತನ್ನು ಸಂದೇಹಾತೀತವಾಗಿ ನಿರ್ಧರಿಸಲು ೨೫೦ ಬೇಕು. ೧೯೨೦ ಪಿಕ್ಸೆಲ್ ಅಗಲದ ಚಿತ್ರವನ್ನು ೨೫೦ರಿಂದ ಭಾಗಿಸಿದರೆ ಬರುವುದು ಏಳೂವರೆ ಮೀಟರಿಗಿಂತ ತುಸು ಹೆಚ್ಚು. ಅದಕ್ಕಿಂತ ಅಗಲವಾದ ಅಂಗಳವನ್ನೆಲ್ಲ ಒಂದೇ ಚಿತ್ರದಲ್ಲಿ ತುಂಬಲು ಹೋದರೆ ಅಂಗಳ ದೊರೆಯುವುದು, ಮುಖ ದೊರೆಯದು.

ನಮ್ಮ ಹೆಬ್ಬಾಗಿಲಿನ ದೋಷ ಹಿಂಬೆಳಕಿನದು. ಹೊರಗೆ ಪ್ರಖರ ಬೆಳಕು, ಒಳಗೆ ನೆರಳು. ಕ್ಯಾಮೆರಾ ಹೊರಗಿನ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕಪ್ಪಾಗಿಸುವುದು. ಇದಕ್ಕೆ ಡಬ್ಲ್ಯು.ಡಿ.ಆರ್. ಎಂಬ ಏರ್ಪಾಡುಂಟು. ಅದನ್ನು ಚಾಲೂ ಮಾಡಿದರೆ ಕ್ಯಾಮೆರಾ ಒಂದೇ ದೃಶ್ಯವನ್ನು ಬೇರೆಬೇರೆ ಅವಧಿಗಳಲ್ಲಿ ಗ್ರಹಿಸಿ, ನೆರಳಿನ ವಿವರವನ್ನು ಒಂದರಿಂದಲೂ ಬೆಳಕಿನ ವಿವರವನ್ನು ಇನ್ನೊಂದರಿಂದಲೂ ತೆಗೆದು ಕೂಡಿಸುವುದು. ಚಲಿಸುವ ವಸ್ತುವಿನ ಅಂಚು ಇದರಿಂದ ಕೆಲವೊಮ್ಮೆ ಇಮ್ಮಡಿಯಾಗುವುದಾದರೂ, ಬಾಗಿಲಿನ ಮಟ್ಟಿಗೆ ಅದರ ಲಾಭವೇ ಹೆಚ್ಚು.

ರಾತ್ರಿಯ ಸಮಸ್ಯೆ ಷಟರಿನದು. ಸಹಜವಾಗಿ ನಡೆಯುವ ಮನುಷ್ಯನು ಸೆಕೆಂಡಿಗೆ ಸುಮಾರು ೧.೪ ಮೀಟರ್ ಸಾಗುತ್ತಾನೆ. ಷಟರ್ ಸೆಕೆಂಡಿನ ೨೫ರಲ್ಲಿ ಒಂದು ಪಾಲು ತೆರೆದಿದ್ದರೆ ಅಷ್ಟರಲ್ಲಿ ಅವನು ೫.೬ ಸೆಂಟಿಮೀಟರ್ ಸರಿದು, ಮುಖ ಕಲಸಿಹೋಗುವುದು. ೧೦೦ರಲ್ಲಿ ಒಂದು ಪಾಲಾದರೆ ಸರಿಯುವುದು ೧.೪ ಸೆಂಟಿಮೀಟರ್ ಮಾತ್ರ. ಆದರೆ ಬೆಳಕೂ ನಾಲ್ಕರಲ್ಲೊಂದು ಪಾಲಾಗುವುದು. ಆ ಕೊರತೆಯನ್ನು ತುಂಬಲು ಗೇನ್ ಏರಿಸಿದರೆ ಚಿತ್ರದಲ್ಲಿ ಕಾಳುಕಾಳಾದ ಗದ್ದಲ ಏಳುವುದು. ಗದ್ದಲವನ್ನು ಅಡಗಿಸುವ ಸಾಧನವನ್ನು ಮಿತಿಮೀರಿ ಬಳಸಿದರೆ ನಡೆಯುವವನ ಹಿಂದೆ ದೆವ್ವದಂತಹ ನೆರಳು ಎಳೆಯುವುದು. ಬಾಗಿಲಲ್ಲಿ ಒಂದು ದೀಪವನ್ನು ಹೆಚ್ಚಾಗಿ ಉರಿಸುವುದೇ ಇದಕ್ಕೆಲ್ಲ ಉತ್ತಮ ಮದ್ದು. ನಮ್ಮ ದೇಶದ ವಿದ್ಯುತ್ತು ೫೦ ಹರ್ಟ್ಸ್ ಆದುದರಿಂದ ಕ್ಯಾಮೆರಾದಲ್ಲಿಯೂ ೫೦ನ್ನೇ ಆರಿಸಬೇಕು. ೬೦ರಲ್ಲಿ ಬಿಟ್ಟರೆ ಕೆಲವು ದೀಪಗಳ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಉರುಳುವುವು.

ಇನ್ನು ಸಂಕೋಚನ. ಪ್ರತಿಯೊಂದು ಫ್ರೇಮನ್ನೂ ಪೂರ್ತಿಯಾಗಿ ಕಳುಹಿಸುವುದಿಲ್ಲ. ಆಗಾಗ ಒಂದನ್ನು ಪೂರ್ತಿ ಕಳುಹಿಸಿ, ನಡುವೆ ಬದಲಾದುದನ್ನಷ್ಟೇ ಕಳುಹಿಸುವರು. ಗದ್ದಲವೂ ಬದಲಾವಣೆಯೆಂದೇ ಎಣಿಕೆಯಾಗುವುದರಿಂದ ಕೆಟ್ಟ ಬಿಂಬ ಹೆಚ್ಚು ಜಾಗವನ್ನು ನುಂಗುವುದು. ಸೆಕೆಂಡಿಗೆ ೪ ಮೆಗಾಬಿಟ್ ಹರಿದರೆ ಗಂಟೆಗೆ ೧.೮, ದಿನಕ್ಕೆ ೪೩.೨, ಮೂವತ್ತು ದಿನಕ್ಕೆ ೧,೨೯೬ ಗಿಗಾಬೈಟ್. ೨೦೦೩ರ ಎಚ್.೨೬೪ರ ಬದಲಿಗೆ ೨೦೧೩ರ ಎಚ್.೨೬೫ನ್ನು ಆರಿಸಿದರೆ ಹೆಚ್ಚುಕಡಿಮೆ ಅರ್ಧದಲ್ಲಿ ಅದೇ ಗುಣ ದೊರೆಯುವುದು. ಜಾಗ ಸಾಲದಿದ್ದರೆ ಸೆಕೆಂಡಿಗೆ ೨೫ ಫ್ರೇಮಿನಿಂದ ೧೨ಕ್ಕೆ ಇಳಿಯಿರಿ. ಬಾಗಿಲಿಗೆ ಅದು ಸಾಕು. ಬಿಟ್ಟಿನ ಹರಿವನ್ನು ಹಿಂಡಿ ಮುಖವನ್ನು ಮಸುಕುಮಾಡಬೇಡಿರಿ.

ಗಡಿಯಾರವನ್ನು ಮರೆಯಬಾರದು. ಭಾರತೀಯ ಸಾಕ್ಷ್ಯ ಅಧಿನಿಯಮ, ೨೦೨೩, ದಿನಾಂಕ ೧ ಜುಲೈ ೨೦೨೪ರಿಂದ ಜಾರಿಗೆ ಬಂದಿದೆ. ಅದರ ೬೩ನೆಯ ಕಲಮಿನಂತೆ ಇಂತಹ ದಾಖಲೆಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಪ್ರಮಾಣಪತ್ರವನ್ನು ಜೊತೆಗಿಡಬೇಕು. ವೇಳೆಯೇ ತಪ್ಪಾಗಿರುವ ದಾಖಲೆ ವಾದಕ್ಕೆ ಎಡೆಗೊಡುವುದು. ಎದುರುಮನೆಯ ಕಿಟಕಿ ದೃಶ್ಯದಲ್ಲಿ ಬಂದರೆ ಆ ಭಾಗವನ್ನು ಮರೆಮಾಚುವ ಏರ್ಪಾಡೂ ಇದೆ. ಅದನ್ನು ಬಳಸುವುದು ಸಜ್ಜನಿಕೆ.

ಹೊಂದಿಸಿದ ಬಳಿಕ ಪರೀಕ್ಷೆ ಅವಶ್ಯಕ. ನಡುಹಗಲು, ಮುಚ್ಚಂಜೆ, ನಡುರಾತ್ರಿ ಈ ಮೂರು ವೇಳೆಗಳಲ್ಲಿ ಒಬ್ಬರನ್ನು ಬಾಗಿಲಲ್ಲಿ ನಡೆಯಿಸಿ, ನೇರಚಿತ್ರವನ್ನು ನೋಡಿ ತೃಪ್ತಿಪಡದೆ, ಉಳಿದ ದಾಖಲೆಯನ್ನು ತೆರೆದು ಮುಖ ಗುರುತಾಗುವುದೇ ಎಂದು ನೋಡಬೇಕು. ನಮ್ಮಲ್ಲಿ ಈ ಕೆಲಸಕ್ಕೆ ಹಿಡಿದುದು ಒಂದು ಸಂಜೆ ಮತ್ತು ಒಂದು ರಾತ್ರಿ. ಈಗ ಟೋಪಿಯ ಕೆಳಗಿನ ಮುಖ ಸ್ಪಷ್ಟವಾಗಿ ಕಾಣುತ್ತದೆ. ಹೋದ ಕಾವಲುಗಾರನು ಮಾತ್ರ ಹೇಳಿಕಳುಹಿಸಿದರೂ ಮರಳಿ ಬರಲಿಲ್ಲ.